ಶೂಬರ್ಟ್‌ಗೆ ‘ಶಾಂತ’ ಅಂತ ಬರೆದು ಸಿಕ್ಕಿಬಿದ್ದೆ

ಮನೆಯಲ್ಲೇ ಕೂತು ಮಾಡುವ ಕೆಲಸ ನನ್ನದು. ಒಂದು ಕಂಪನಿಯವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಫೈಲುಗಳನ್ನು ಕಳಿಸುತ್ತಾರೆ. ನಾನು ಕೇಳಿ, ಎಕ್ಸೆಲ್ ಶೀಟಿನಲ್ಲಿ ಮೂರು ಕಾಲಂ ತುಂಬಬೇಕು: ಟೆಂಪೊ (ನಿಮಿಷಕ್ಕೆ ಎಷ್ಟು ಪೆಟ್ಟು), ಕೀ (ಯಾವ ಸ್ವರ ಷಡ್ಜ, ಮೇಜರೋ ಮೈನರೋ), ಮೂಡ್ (ಭಾವ). ಚಿಕ್ಕಂದಿನಲ್ಲಿ ಕರ್ನಾಟಕ ಪದ್ಧತಿಯಲ್ಲಿ ಪಿಟೀಲು ಕಲಿತಿದ್ದೆ. ನುಡಿಸೋದು ಅಷ್ಟಕ್ಕಷ್ಟೇ, ಕಿವಿ ಪರವಾಗಿಲ್ಲ. ಫೈಲಿಗೆ ಇಷ್ಟು ಅಂತ ದುಡ್ಡು. ಹಾಗಾಗಿ ಮೊದಮೊದಲು ಒಂದೊಂದರಲ್ಲೂ ಮೊದಲ ನಿಮಿಷ ಕೇಳಿ, ತುಂಬಿ, ಮುಂದಕ್ಕೆ ಹೋಗುತ್ತಿದ್ದೆ.

ಈ ಚಾಳಿ ಬಿಡಿಸಿದ್ದು ವಿಯೆನ್ನಾದ ಸಂಗೀತ ರಚನಕಾರ ಶೂಬರ್ಟ್‌ನ ಸಿ ಮೇಜರ್ ಸ್ಟ್ರಿಂಗ್ ಕ್ವಿಂಟೆಟ್, ಅಂದರೆ ಐದು ತಂತಿವಾದ್ಯಗಳ ಕೃತಿ. ಅವನು ಸತ್ತ ವರ್ಷವೇ, 1828ರಲ್ಲಿ ಬರೆದದ್ದು. ಆಗ ವಯಸ್ಸು 31. ಜನರ ಮುಂದೆ ಮೊದಲು ನುಡಿಸಿದ್ದು 1850ರಲ್ಲಿ, ವಿಯೆನ್ನಾದಲ್ಲಿ. ಎರಡು ಪಿಟೀಲು, ಒಂದು ವಯೋಲಾ (ಪಿಟೀಲಿಗಿಂತ ತುಸು ದೊಡ್ಡದು), ಎರಡು ಚೆಲ್ಲೊ (ಇನ್ನೂ ದೊಡ್ಡದು, ತಗ್ಗು ದನಿ). ಮೊಜಾರ್ಟ್‌ನ ಕ್ವಿಂಟೆಟ್‌ಗಳಲ್ಲಿ ಜೋಡಿ ಇರೋದು ವಯೋಲಾಕ್ಕೆ, ಇಲ್ಲಿ ಚೆಲ್ಲೊಗೆ. ಅದರಿಂದ ಕೆಳಗಿನ ನಾದ ತುಂಬಾ ಗಟ್ಟಿ.

ನನಗೆ ಬಂದದ್ದು ಅದರ ಎರಡನೇ ಭಾಗ, ಅಡಾಜಿಯೊ, ಅಂದರೆ ನಿಧಾನದ ಭಾಗ. ಮಧ್ಯದ ಮೂರು ವಾದ್ಯ ಉದ್ದುದ್ದ ಸ್ವರ ಹಿಡಿದು ನಿಂತಿರುತ್ತವೆ. ಎರಡನೇ ಚೆಲ್ಲೊ ತಂತಿ ಮೀಟುತ್ತಾ ಇರುತ್ತದೆ. ಮೊದಲ ಪಿಟೀಲು ಅಲ್ಲೊಂದು ಇಲ್ಲೊಂದು ಮಾತು ಹೇಳಿ ಸುಮ್ಮನಾಗುತ್ತದೆ. ನಾನು ಒಂದು ನಿಮಿಷ ಕೇಳಿದೆ. ಕೀ ‘ಇ ಮೇಜರ್’, ಮೂಡ್ ‘ಶಾಂತ’ ಅಂತ ಹಾಕಿದೆ. ಟೆಂಪೊಗೆ ಸಾಫ್ಟ್‌ವೇರ್ 144 ಅಂದಿತು, ಅದನ್ನೇ ಇಳಿಸಿದೆ. ತಿಂಗಳಾದ ಮೇಲೆ ಮೇಲ್ ಬಂತು. ಆ ಫೈಲನ್ನು ನಿದ್ದೆಗೆ ಕೇಳುವ ಪಟ್ಟಿಗೆ ಸೇರಿಸಿದ್ದರಂತೆ. ಯಾರೋ ರಾತ್ರಿ ಬೆಚ್ಚಿಬಿದ್ದು ದೂರು ಕೊಟ್ಟಿದ್ದರು.

ಆಮೇಲೆ ಪೂರ್ತಿ ಕೇಳಿದೆ. ಐದನೇ ನಿಮಿಷ ಮುಗಿಯುವ ಮೊದಲೇ ಇ ಸ್ವರದ ಮೇಲೆ ಒಂದು ನಡುಕ ಶುರುವಾಗುತ್ತದೆ. ಜೋರಾಗುತ್ತಾ ಹೋಗಿ ಥಟ್ಟನೆ ಎಫ್‌ಗೆ ಜಿಗಿಯುತ್ತದೆ, ಎಫ್ ಮೈನರ್. ಮೊದಲ ಪಿಟೀಲು, ಮೊದಲ ಚೆಲ್ಲೊ ಸೇರಿ ಗೋಳಿಡುತ್ತವೆ, ಕೆಳಗೆ ಎರಡನೇ ಚೆಲ್ಲೊ ಗುಡುಗುಡು ಅನ್ನುತ್ತಿರುತ್ತದೆ. ಪಾಪ, ಮಲಗಿದ್ದವರು ಏಳದೆ ಇನ್ನೇನು ಮಾಡುತ್ತಾರೆ?

ಮತ್ತೆ ಮೊದಲಿನಿಂದ ಶುರು ಮಾಡಿದೆ. ಸಾಫ್ಟ್‌ವೇರ್ ಮುಚ್ಚಿಟ್ಟು ತೊಡೆಯ ಮೇಲೆ ತಾಳ ಹಾಕಿದೆ. ಇದು 12/8, ಅಂದರೆ ನಾಲ್ಕು ಪೆಟ್ಟು, ಪೆಟ್ಟಿಗೆ ಮೂರು ಮೂರು ಅಕ್ಷರ. ನಮ್ಮ ಲೆಕ್ಕದಲ್ಲಿ ತಿಶ್ರ ನಡೆಯ ಏಕತಾಳ, ಅದೂ ಅತಿ ವಿಳಂಬ. ನನ್ನ ಹತ್ತಿರವಿದ್ದ ರೆಕಾರ್ಡಿಂಗಿನಲ್ಲಿ ಒಂದು ಆವರ್ತಕ್ಕೆ ಸುಮಾರು 10 ಸೆಕೆಂಡು. ಅಂದರೆ ನಿಮಿಷಕ್ಕೆ 24 ಪೆಟ್ಟು, 72 ಸಣ್ಣ ಅಕ್ಷರ. ಸಾಫ್ಟ್‌ವೇರ್ ಆ 72ನ್ನೂ ದುಪ್ಪಟ್ಟು ಮಾಡಿ 144 ಅಂದಿತ್ತು. ಡ್ರಮ್ ಇಲ್ಲದ ಕಡೆ ಅದು ಎಲ್ಲೆಲ್ಲೋ ಹಿಡಿದುಕೊಳ್ಳುತ್ತದೆ. ಮಧ್ಯದ ಭಾಗದಲ್ಲಿ ಇದೇ ತಂಡ ಆವರ್ತಕ್ಕೆ 8 ಸೆಕೆಂಡಿಗೆ ಬಂದಿತ್ತು. ಅಲ್ಲಿಗೆ ಪೆಟ್ಟು 30. ಒಂದೇ ಸಂಖ್ಯೆ ಬರೆದರೆ ಯಾವುದಕ್ಕೂ ಸರಿಹೋಗುವುದಿಲ್ಲ.

ಕೀ ವಿಷಯದಲ್ಲಿ ಸ್ವರ ಗುರುತಿಸುವ ಟ್ಯೂನರ್ ಆ್ಯಪ್ ಒಂದನ್ನೇ ನಂಬುವುದಿಲ್ಲ. ಹಳೇ ಎಲ್‌ಪಿಯಿಂದ ಇಳಿಸಿದ್ದು ಸುಮಾರು 6 ಪರ್ಸೆಂಟ್ ಬೇಗ ಓಡಿದರೆ ಸಾಕು, ಶ್ರುತಿ ಅರ್ಧ ಸ್ವರ ಏರಿ ಇ ಹೋಗಿ ಎಫ್ ಆಗುತ್ತದೆ. ಲಯವೂ ಅಷ್ಟೇ ಓಡುತ್ತದೆ, 72 ಇದ್ದದ್ದು 76. ಬರೋಕ್ ಸಂಗೀತ, ಅಂದರೆ ಶೂಬರ್ಟ್‌ಗಿಂತ ಹಿಂದಿನ ಕಾಲದ್ದು, ನುಡಿಸುವ ಕೆಲವರು ಎ ಸ್ವರವನ್ನು 440 ಹರ್ಟ್ಸ್ ಬದಲು 415ಕ್ಕೆ ಇಟ್ಟುಕೊಳ್ಳುತ್ತಾರೆ, ಅಲ್ಲಿ ಅರ್ಧ ಸ್ವರ ಇಳಿದಿರುತ್ತದೆ. ಅದಕ್ಕೇ ಇಡೀ ಕೃತಿಯ ಕೊನೆಯ ಸ್ವರಕ್ಕೆ ಹೋಗಿ ನೋಡುತ್ತೇನೆ. ಈ ಕ್ವಿಂಟೆಟ್ ಮುಗಿಯುವುದು ಸಿ ಮೇಲೆ, ಎಲ್ಲ ವಾದ್ಯವೂ ಒಟ್ಟಿಗೆ. ಅದು ಆ್ಯಪಿನಲ್ಲಿ ಸಿ ಅಂತಲೇ ತೋರಿಸಿದರೆ ಸ್ಪೀಡು ಸರಿ ಇದೆ ಅಂತ ಲೆಕ್ಕ.

ಹಾಗೆ ನೋಡಲು ಹೋದಾಗಲೇ ನನಗೆ ಒಂದು ಸಂಗತಿ ಹೊಳೆದದ್ದು. ಆ ಕೊನೆಯ ಸಿಗೆ ಮುಂಚೆ ಡಿ ಫ್ಲ್ಯಾಟ್, ಅಂದರೆ ಸಿಗಿಂತ ಅರ್ಧ ಸ್ವರ ಮೇಲಿನದು, ಬಂದು ಉಜ್ಜಿಕೊಂಡು ಇಳಿಯುತ್ತದೆ. ಸಿ ಷಡ್ಜವಾದರೆ ಅದು ಶುದ್ಧ ರಿಷಭ, ಅಲ್ವಾ? ಅಡಾಜಿಯೊದಲ್ಲಿ ಇ ಷಡ್ಜ, ಎಫ್ ಅದರ ಶುದ್ಧ ರಿಷಭ. ಹಾರ್ಮೋನಿಯಂ ಮೇಲೆ ಬಿಳಿ ಮೂರು, ಬಿಳಿ ನಾಲ್ಕು. ನಡುವೆ ಕಪ್ಪು ಮನೆಯೇ ಇಲ್ಲ. ಮೂರನೇ ಭಾಗದ ಕುಣಿತದ ಮಧ್ಯೆ ಇದ್ದಕ್ಕಿದ್ದಂತೆ ನಿಧಾನಕ್ಕೆ ತಿರುಗುವ, ಟ್ರಿಯೊ ಅನ್ನುವ ತುಂಡು ಇದೆ. ಅದರ ಕೀ ಯಾವುದು ಅಂತೀರಿ? ಡಿ ಫ್ಲ್ಯಾಟ್. ಅಲ್ಲೂ ರಿಷಭವೇ ಷಡ್ಜವಾಗಿ ಕೂತಿದೆ. ನಮ್ಮಲ್ಲಿ ತಂಬೂರಿ ಷಡ್ಜವನ್ನು ಕದಲಲು ಬಿಡುವುದಿಲ್ಲ, ಶುದ್ಧ ರಿಷಭ ಎಷ್ಟು ಕಾಡಿದರೂ ಷಡ್ಜ ಅಲ್ಲೇ ಇರುತ್ತದೆ. ಇಲ್ಲಿ ಕಾಲಕೆಳಗಿನ ನೆಲವೇ ಆ ಚೂರು ಜರುಗಿಬಿಡುತ್ತದೆ. ನನ್ನ ಎದೆ ಧಸಕ್ಕೆಂದದ್ದು ಅದಕ್ಕೇ ಇರಬೇಕು.

ಮೂಡ್ ಕಾಲಂ ಈಗ ಕೊನೆಗೆ ತುಂಬುತ್ತೇನೆ. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ ಅನ್ನುವ ಸೂತ್ರ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಬಿರುಗಾಳಿ ಮುಗಿದು ಇ ಮೇಜರ್ ವಾಪಸ್ ಬಂದಾಗ ಹಿಡಿದ ಸ್ವರಗಳು ಹಾಗೇ ಇರುತ್ತವೆ. ಆದರೆ ಎರಡನೇ ಚೆಲ್ಲೊ ಸುಮ್ಮನಿರಲ್ಲ, ಕೆಳಗೆ ಸಣ್ಣಸಣ್ಣ ಸಂಗತಿ ಹಾಕುತ್ತಾ ಓಡಾಡುತ್ತದೆ. ಅಳು ನಿಂತ ಮೇಲೂ ಬಿಕ್ಕುವ ಮಗುವಿನ ಹಾಗೆ. ಕೊನೆಗೆ ಒಂದೇ ಒಂದು ಸಲ ಎಫ್ ಮೈನರ್ ಮಿಂಚಿ ಹೋಗುತ್ತದೆ.

ಶೀಟಿನಲ್ಲಿ ಒಂದು ಸಾಲಿದ್ದದ್ದನ್ನು ಮೂರು ಮಾಡಿ, ಸಮಯ ಹಾಕಿ ಕಳಿಸಿದೆ. ‘ಶಾಂತ’, ‘ತಳಮಳ’ ಅಂತ ಎರಡು ತುಂಬಿದವು. ಮೂರನೆಯದಕ್ಕೆ ಅವರ ಪಟ್ಟಿಯಲ್ಲಿ ಪದವೇ ಇರಲಿಲ್ಲ, ಖಾಲಿ ಬಿಟ್ಟೆ. ಮೂರು ಸಾಲು ಬರೆದರೂ ಒಂದೇ ಫೈಲಿನ ದುಡ್ಡು ಬಂತು.