ಬೂದಿ ತಿನ್ನುವ ಯಾಳಿ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಕಾದಂಬರಿ ಬರೆಯುವುದು ಬೆಳಿಗ್ಗೆ ಐದರಿಂದ ಏಳರವರೆಗೆ, ಮನೆಯವರು ಏಳುವ ಮುಂಚೆ. ಹೀಗೆ ನಾಲ್ಕು ವರ್ಷ ಕೂತು ಈ ಬೇಸಿಗೆಯಲ್ಲಿ ಒಂದನ್ನು ಮುಗಿಸಿದೆ. 1327ರಲ್ಲಿ ದೆಹಲಿಯ ದಂಡು ನಮ್ಮ ಹತ್ತಿರದ ಕುಮ್ಮಟದುರ್ಗದ ಕೋಟೆಗೆ ಹಾಕಿದ ಮುತ್ತಿಗೆ, ಅದರೊಳಗೆ ಗುಡಿಯ ಕಂಬಗಳಲ್ಲಿ ಕೆತ್ತಿರುತ್ತಾರಲ್ಲ ಅಂಥ ಒಂದು ಯಾಳಿ, ಆ ಯಾಳಿಯನ್ನು ಸಾಕಿದ ಹುಲಿಗೆವ್ವ ಅನ್ನೋ ಕುರಿ ಕಾಯುವ ಹುಡುಗಿ. ಇತಿಹಾಸದ ಜೊತೆ ಪುರಾಣ ಬೆರೆಸಿ ಬರೆಯಬೇಕು ಅಂತ ಆಸೆ ಇರುವವರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಅವರಿಗಾಗಿ ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಮೊದಲ ಕರಡಿನಲ್ಲಿ ಯಾಳಿ ಇರಲಿಲ್ಲ. ರೆಕ್ಕೆ ಇರುವ, ಬೆಂಕಿ ಉಗುಳುವ ದೊಡ್ಡ ಸರ್ಪ ಇತ್ತು. ಗುಹೆ ಇತ್ತು, ಮಂಜು ಇತ್ತು, ಮಂತ್ರದ ಕತ್ತಿ ಇತ್ತು. ಕಳಿಸಿದ್ದನ್ನು ಓದಿದ ಪ್ರಕಾಶಕರೊಬ್ಬರು ಫೋನ್ ಮಾಡಿದರು. "ಸರ್, ಊರಿನ ಹೆಸರು ಅಳಿಸಿದರೆ ಇದು ಯಾವ ದೇಶದಲ್ಲಾದರೂ ನಡೀಬಹುದು. ಕುಮ್ಮಟ ಯಾಕೆ ಬೇಕಿತ್ತು?" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ನಿಜ ಆಗಿತ್ತು. ನಮ್ಮ ಗುಡ್ಡಗಳಲ್ಲಿ ಮಂಜು ಎಲ್ಲಿದೆ? ಏಪ್ರಿಲ್‌ನಲ್ಲಿ ಬಂಡೆ ಮೇಲೆ ಕಾಲಿಟ್ಟರೆ ಅಂಗಾಲು ಸುಡುತ್ತದೆ.

ಒಂದು ವರ್ಷ ಏನೂ ಬರೆಯಲಿಲ್ಲ. ಆಮೇಲೆ ಯಾವುದೋ ಕೆಲಸಕ್ಕೆ ಬಳ್ಳಾರಿಗೆ ಹೋಗಿ ಹೊಸಪೇಟೆ ದಾರಿಯಲ್ಲಿ ವಾಪಸ್ ಬರುವಾಗ ಕುಡತಿನಿಯಲ್ಲಿ ಇಳಿದೆ. ಅಲ್ಲಿ ಬೂದಿಗುಡ್ಡ ಇದೆ. ನಮ್ಮಜ್ಜಿ ಹೇಳುತ್ತಿದ್ದರು, ಅದು ರಕ್ಕಸನನ್ನು ಸುಟ್ಟ ಬೂದಿ ಅಂತ. ಹಂಪಿ ಹತ್ತಿರ ನಿಂಬಾಪುರದಲ್ಲೂ ಇಂಥದೇ ದಿಬ್ಬ ಇದೆ. ಅದು ವಾಲಿಯ ಚಿತೆ ಅಂತ ಜನ ನಂಬುತ್ತಾರೆ. ರಾಮನ ಬಾಣಕ್ಕೆ ಬಿದ್ದ ವಾಲಿಯನ್ನು ಸುಗ್ರೀವ ಅಲ್ಲೇ ಸುಟ್ಟನಂತೆ.

ಕುಡತಿನಿಯಲ್ಲಿ ಒಂದು ತುಂಡು ಕೈಗೆತ್ತಿಕೊಂಡೆ. ಕಲ್ಲಿನ ಹಾಗೆ ಕಾಣುತ್ತದೆ, ಎತ್ತಿದರೆ ಹಗುರ. ಒಂದು ಕಡೆ ಬಿಳಿಬೂದು ಪುಡಿ, ಬೆರಳಿಗೆ ಅಂಟುತ್ತದೆ. ಇನ್ನೊಂದು ಕಡೆ ಗಾಜು ಕರಗಿ ಹರಿದು ಹೆಪ್ಪುಗಟ್ಟಿದ ಹಾಗೆ, ಸಣ್ಣ ಸಣ್ಣ ಗುಳ್ಳೆಗಳು. ನನಗೆ ಇದು ಗೊತ್ತಿರುವ ವಸ್ತು ಅನ್ನಿಸಿತು. ಗಿರಣಿಯ ಬಾಯ್ಲರ್‌ನಲ್ಲಿ ಭತ್ತದ ಹೊಟ್ಟು ಉರಿಸುತ್ತೇವಲ್ಲ, ತಳದಲ್ಲಿ ಇಂಥದೇ ಗಟ್ಟಿ ಉಳಿಯುತ್ತದೆ. ಹುಲ್ಲು, ಹೊಟ್ಟು ಎರಡರಲ್ಲೂ ಮರಳಿನ ಅಂಶ ಇರುತ್ತದೆ. ಬೆಂಕಿ ಜೋರಾದರೆ ಅದು ಕರಗಿ ಗಾಜಾಗುತ್ತದೆ. ಹುಲ್ಲು ತಿಂದ ದನದ ಸಗಣಿಯಲ್ಲೂ ಅದೇ ಅಂಶ. ಪುರಾತತ್ವದವರು ಹೇಳುವುದೂ ಇದನ್ನೇ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕುತ್ತಿದ್ದ ಜನ ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ತೆಲಂಗಾಣದ ಉತ್ನೂರಿನ ಬೂದಿದಿಬ್ಬವನ್ನು ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತೇ ಸಿಕ್ಕಿತ್ತು.

ತುಂಡನ್ನು ಇದ್ದ ಜಾಗದಲ್ಲೇ ಇಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ಕಾದಂಬರಿ ಹೊಳೆಯಿತು. ನಮ್ಮ ಹಿರಿಯರು ಸುಮ್ನೆ ಕೂತು ರಕ್ಕಸನನ್ನು ಹುಟ್ಟಿಸಲಿಲ್ಲ. ಕಣ್ಣೆದುರು ಇಷ್ಟು ದೊಡ್ಡ ಬೂದಿ ಇತ್ತು. ಇಷ್ಟು ಬೂದಿ ಆಗಬೇಕಾದರೆ ಸುಟ್ಟದ್ದು ಎಷ್ಟು ದೊಡ್ಡದಿರಬೇಕು? ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ ಕಥೆ. ಹಾಗಾದರೆ ನಾನೂ ಹಾಗೇ ಮಾಡಬೇಕು. ಮೊದಲು ಕೈಗೆ ಸಿಗುವ ವಸ್ತು, ಆಮೇಲೆ ಪ್ರಾಣಿ. ಮನೆಗೆ ಬಂದು ಸರ್ಪವನ್ನು ತೆಗೆದುಹಾಕಿದೆ. ವಸ್ತುವಿನ ಆಸರೆ ಇಲ್ಲದ ಯಾವ ಅದ್ಭುತವನ್ನೂ ಇಟ್ಟುಕೊಳ್ಳಲಿಲ್ಲ. ಮಂತ್ರದ ಕತ್ತಿಯೂ ಹೋಯಿತು.

ಯಾಳಿ ಬಂದದ್ದು ಆಗ. ಸಿಂಹದ ಮೈ, ಆನೆಯ ಸೊಂಡಿಲು. ಹಂಪಿಯ ಕಂಬಗಳಲ್ಲಿ ಹಿಂಗಾಲ ಮೇಲೆ ಎದ್ದು ನಿಂತಿರುವುದನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಆದರೆ ಒಂದು ತೊಡಕು. ವಿಠ್ಠಲ ಗುಡಿಯ ಆ ಕಂಬಗಳು 1327ರಲ್ಲಿ ಇರಲಿಲ್ಲ, ವಿಜಯನಗರವೇ ಹುಟ್ಟಿರಲಿಲ್ಲ. ಆಗ ಇದ್ದದ್ದು ಹೇಮಕೂಟದ ಮೇಲಿನ ಸಣ್ಣ ಕಲ್ಲುಗುಡಿಗಳು. ಅವುಗಳಲ್ಲಿ ಮೂರು ಗರ್ಭಗುಡಿಯ ಒಂದರಲ್ಲಿ ಕುಮ್ಮಟದ ಅರಸ ವೀರ ಕಂಪಿಲದೇವನ, ಅಂದರೆ ಕಂಪಿಲರಾಯನ, ಶಾಸನವೇ ಇದೆ. ತೊಡಕನ್ನು ನಾನು ತಿರುಗಿಸಿಕೊಂಡೆ. ನನ್ನ ಯಾಳಿ ಕಂಬದಿಂದ ಇಳಿದು ಬಂದದ್ದಲ್ಲ. ಮೊದಲು ಯಾಳಿ ಗುಡ್ಡದಲ್ಲಿ ಇತ್ತು. ಅದನ್ನು ಕಂಡವರ ಮರಿಮಕ್ಕಳು ಕಲ್ಕುಟಿಗರಾಗಿ ಅಜ್ಜಿ ಹೇಳಿದ್ದನ್ನು ಕಂಬದಲ್ಲಿ ಕೆತ್ತಿದರು.

ಇನ್ನು ಅದು ಏನು ತಿನ್ನುತ್ತದೆ? ಇದನ್ನು ಕೇಳಿಕೊಳ್ಳದೆ ಯಾವ ಪ್ರಾಣಿಯನ್ನೂ ಕಥೆಗೆ ತರಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಮುತ್ತಿಗೆ ಬಿದ್ದ ಕೋಟೆಯಲ್ಲಿ ಕುದುರೆಗೇ ಹುಲ್ಲಿಲ್ಲ. ಯಾಳಿಗೆ ಎಲ್ಲಿಂದ ತರುವುದು? ಎರಡು ತಿಂಗಳು ಇಲ್ಲೇ ಸಿಕ್ಕಿಕೊಂಡಿದ್ದೆ. ದನ ಉಪ್ಪು ನೆಕ್ಕುವುದನ್ನು ನೋಡುತ್ತಾ ನಿಂತಿದ್ದಾಗ ಉತ್ತರ ಸಿಕ್ಕಿತು. ನನ್ನ ಯಾಳಿ ಬೂದಿ ತಿನ್ನುತ್ತದೆ. ಸಾವಿರಾರು ವರ್ಷ ಹಳೆಯ ಬೂದಿಯೇ ಆಗಬೇಕು. ಅದು ಇರುವುದು ನಿಂಬಾಪುರದಲ್ಲಿ, ತುಂಗಭದ್ರೆಯ ಆಚೆ ದಡದಲ್ಲಿ. ಕುಮ್ಮಟ ಇರುವುದು ಈಚೆ. ಹೊಳೆಯ ಕಡವಿನಲ್ಲಿ ದೆಹಲಿಯ ದಂಡು ಬೀಡು ಬಿಟ್ಟಿದೆ. ಹುಲಿಗೆವ್ವ ರಾತ್ರಿ ಹರಿಗೋಲಿನಲ್ಲಿ ದಾಟಿ, ವಾಲಿಯ ಚಿತೆಯಿಂದ ಬೂದಿ ತುಂಬಿಕೊಂಡು ಬರಬೇಕು. ಕಾದಂಬರಿಯ ಅರ್ಧ ಕಥೆ ಈ ಒಂದು ಉತ್ತರದಿಂದ ತಾನಾಗಿ ಬಂತು.

ಎರಡನೆಯ ವಸ್ತು ಹಿರೇಬೆಣಕಲ್ ಗುಡ್ಡದ ಕಲ್ಲಿನ ನಗಾರಿ. ಗಂಗಾವತಿಯಿಂದ ಕೊಪ್ಪಳದ ಕಡೆ ಹೋಗುವಾಗ ಸಿಗುವ ಊರು ಅದು. ಮೇಲೆ ಹತ್ತಿದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಮನೆಗಳು, ಕೆಲವಕ್ಕೆ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿಗಳು ಅವು. ಊರವರಿಗೆ ಅದು ಮೋರ್ಯರ ಗುಡ್ಡ. ಮೋರ್ಯರು ಅಂದರೆ ಗೇಣುದ್ದದ ಜನ, ಆ ಕಿಂಡಿಯಲ್ಲಿ ನುಸುಳಿ ಒಳಗೆ ಹೋಗುತ್ತಿದ್ದರು ಅಂತ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಆದರೂ ನಮ್ಮ ಗಂಗಾವತಿಯಲ್ಲೇ ನೋಡದವರು ಬಹಳ ಮಂದಿ ಇದ್ದಾರೆ, ನನಗೆ ಬೇಜಾರಾಗುತ್ತದೆ.

ನಾನು ಹೋದಾಗ ಆಡು ಮೇಯಿಸುವ ಅಜ್ಜ ಒಬ್ಬರು ಜೊತೆಗೆ ಬಂದರು. ಎತ್ತರದ ಬಂಡೆಯ ಮೇಲೆ ಅರ್ಧಗುಂಡಿನಂಥ ಕಲ್ಲು ಕೂತಿದೆ. ಅವರು ತಮ್ಮ ಕೋಲಿನಿಂದ ಮೆಲ್ಲಗೆ ಬಡಿದರು. ಗಂಟೆಯ ಸದ್ದು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬೇರೆ. ದಪ್ಪ ಸದ್ದು, ಖಾಲಿ ಹಗೇವಿನ ಬಾಯಿಗೆ ಕೂಗಿದ ಹಾಗೆ. ಕಿವಿಗಿಂತ ಮೊದಲು ಎದೆಗೆ ತಾಗಿತು.

"ತಮ್ಮಾ, ಕಲ್ಲು ಸುಮ್ನ ಕುಂತೈತಂತ ತಿಳಕಬ್ಯಾಡ. ಕರದ್ರ ಓ ಅಂತೈತಿ," ಅಂದರು ಅಜ್ಜ.

"ಯಾರನ್ನ ಕರೀತಿದ್ರಜ್ಜ ಇದರಿಂದ?"

"ಮೋರ್ಯಾರು ಯಾರನ್ನ ಕರೀತಿದ್ರೋ ಅವರಿಗೇ ಗೊತ್ತು. ನನ್ನ ಆಡಂತೂ ಬರ್ತಾವ."

ಆ ಮಾತು ಹಾಗೇ ಕಾದಂಬರಿಗೆ ಬಂದಿದೆ, ಹುಲಿಗೆವ್ವನ ಅಜ್ಜನ ಬಾಯಲ್ಲಿ. ನಗಾರಿ ಬಡಿದರೆ ಯಾಳಿ ಬರುತ್ತದೆ. ಆದರೆ ಈ ಸದ್ದು ಕೇಳುವುದು ಒಂದು ಕಿಲೋಮೀಟರ್ ದೂರ, ಅಷ್ಟೇ. ಕುಮ್ಮಟದವರೆಗೆ ಮುಟ್ಟುವುದಿಲ್ಲ. ಮಂತ್ರದಿಂದ ಮುಟ್ಟಿಸಬಹುದಿತ್ತು. ನಾನು ಮುಟ್ಟಿಸಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಕುರುಬರ ಹುಡುಗರು ಕೂತು, ಕೇಳಿದ ಪೆಟ್ಟನ್ನು ಡೊಳ್ಳಿನ ಮೇಲೆ ಮುಂದಿನ ಗುಡ್ಡಕ್ಕೆ ದಾಟಿಸುತ್ತಾರೆ. ಒಬ್ಬ ಹುಡುಗ ನಿದ್ದೆ ಹೋಗುತ್ತಾನೆ. ನಾನು ಬರೆದದ್ದರಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಅದು.

ಇತಿಹಾಸದ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ಕಂಪಿಲರಾಯನ ಆಸರೆಗೆ ಬಂದ. ರಾಯ ಅವನನ್ನು ಬಿಟ್ಟುಕೊಡಲಿಲ್ಲ. ಕೋಟೆ ಬೀಳುವ ಮೊದಲು ಅವನನ್ನು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ ಸಾಗಿಸಿದ. ಬಲ್ಲಾಳ ಹಿಡಿದುಕೊಟ್ಟ. ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಇದನ್ನೆಲ್ಲ ಬರೆದಿದ್ದಾನೆ. ಕೋಟೆಯಲ್ಲಿ ಕಾಳುಕಡಿ ಮುಗಿದದ್ದು, ಹೆಂಗಸರು ಬೆಂಕಿಗೆ ಬಿದ್ದದ್ದು, ರಾಯ ಹೊರಬಂದು ಕಾದಾಡಿ ಸತ್ತದ್ದು. ರಾಯನ ಮೂವರು ಮಕ್ಕಳನ್ನು ದೆಹಲಿಯಲ್ಲಿ ಕಂಡೆ ಅಂತಲೂ ಬರೆಯುತ್ತಾನೆ. ಆ ಸಾಲು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮ ಗುಡ್ಡದಲ್ಲಿ ಆಡಿ ಬೆಳೆದ ಹುಡುಗರು, ಬೇರೆ ಹೆಸರಿನಲ್ಲಿ, ಅಷ್ಟು ದೂರದಲ್ಲಿ.

ಯಾಳಿ ಇದ್ದರೂ ಕುಮ್ಮಟ ಬೀಳುತ್ತದೆ. ಸತ್ತವರು ಸಾಯುತ್ತಾರೆ. ಒಂದು ಪ್ರಾಣಿ ಬಂದು ಕೋಟೆ ಉಳಿಸಿಬಿಟ್ಟರೆ ಆ ಹೆಂಗಸರ ಸಾವಿಗೆ ನಾನು ಅವಮಾನ ಮಾಡಿದ ಹಾಗೆ.

ಕಂಪಿಲರಾಯನ ಮಗ ಕುಮಾರರಾಮನಿಗೂ ಯಾವ ಶಕ್ತಿಯನ್ನೂ ಕೊಡಲಿಲ್ಲ. ಗೆಳೆಯರು ಕೇಳಿದರು, ನಾಯಕ ಅವನೇ ಅಲ್ವಾ, ಯಾಳಿ ಮೇಲೆ ಅವನನ್ನೇ ಕೂರಿಸು ಅಂತ. ನಮ್ಮ ಜನ ಅವನನ್ನು ಪರನಾರಿ ಸೋದರ ಅಂತ ಏಳುನೂರು ವರ್ಷ ನೆನೆದಿರುವುದು ಅವನು ಮಾತಿಗೆ ನಿಂತ ಮನುಷ್ಯ ಅಂತ. ಮಂತ್ರ ಕೊಟ್ಟರೆ ಆ ನಿಲುವಿಗೆ ಬೆಲೆ ಉಳಿಯುವುದಿಲ್ಲ. ಅವನು ನನ್ನ ಪುಸ್ತಕದಲ್ಲಿ ಬರುವುದು ಕಡಿಮೆ, ಬಂದಾಗೆಲ್ಲ ಬರೀ ಮನುಷ್ಯ. ಯಾಳಿಯನ್ನು ಒಮ್ಮೆ ನೋಡುತ್ತಾನೆ. "ಇದಕ್ಕೆ ಹಸಿವಾಗಿದೆ" ಅನ್ನುತ್ತಾನೆ, ಅಷ್ಟೇ.

ಒಂದು ತಪ್ಪನ್ನು ನಮ್ಮವ್ವ ಹಿಡಿದರು. ಅವರಿಗೆ ಓದಲು ಬರುವುದಿಲ್ಲ, ನಾನು ಓದಿ ಹೇಳುತ್ತಿದ್ದೆ. ಆಳುಗಳು ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ತಿನ್ನುವ ಜಾಗ ಬಂದಾಗ "ಆಗ ಮೆಣಸಿನಕಾಯಿ ಇತ್ತೇನು?" ಅಂದರು. ಇರಲಿಲ್ಲ. ಅದು ಪೋರ್ಚುಗೀಸರ ಜೊತೆ ಬಂದದ್ದು, 1498ರ ಆಮೇಲೆ. ಶೇಂಗಾ, ಟೊಮೆಟೊ, ಮೆಕ್ಕೆಜೋಳ, ತಂಬಾಕು ಯಾವುದೂ ಇರಲಿಲ್ಲ. ಇಡೀ ಕರಡನ್ನು ಮತ್ತೆ ಓದಿ ಅಡುಗೆ ಬದಲಿಸಿದೆ. ಜೋಳದ ರೊಟ್ಟಿ, ನವಣೆ ಅನ್ನ, ಗುರೆಳ್ಳು ಪುಡಿ, ಖಾರಕ್ಕೆ ಕರಿಮೆಣಸು. ಗದ್ದೆಗಳನ್ನೂ ತೆಗೆಯಬೇಕಾಯಿತು. ಇವತ್ತು ಗಂಗಾವತಿ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತ, ಆದರೆ ಅದು ತುಂಗಭದ್ರಾ ಡ್ಯಾಂ ಆದಮೇಲೆ ಕಾಲುವೆ ತಂದ ಹಸಿರು. ಹುಲಿಗೆವ್ವ ಓಡುವುದು ಜೋಳದ ಹೊಲದಲ್ಲಿ. ಎಲೆ ಮೈ ಕೊಯ್ಯುತ್ತದೆ.

ಮಾತಿಗೂ ಹೀಗೇ ಜರಡಿ ಹಿಡಿದೆ. ನಮ್ಮ ಕಡೆ ದಿನಾ ಆಡುವ ತಯಾರಿ, ಖಾಲಿ, ಹುಕುಂ, ಸವಾರ, ಕಿಲ್ಲೆ, ಕಾಗದ ಎಲ್ಲ ಪಾರಸಿ-ಅರಬ್ಬಿಯಿಂದ ಬಂದವು. ಕುಮ್ಮಟದವರ ಬಾಯಲ್ಲಿ ಅವನ್ನು ತೆಗೆದು ಅಣಿ, ಬರಿದು, ಅಪ್ಪಣೆ, ರಾವುತ, ಕೋಟೆ, ಓಲೆ ಇಟ್ಟೆ. ಆಮೇಲೆ ಅವೇ ಪದಗಳನ್ನು ದೆಹಲಿಯ ದಂಡಿನವರ ಬಾಯಿಗೆ ಕೊಟ್ಟೆ. ಕೋಟೆ ಬಿದ್ದ ಮೇಲಿನ ಅಧ್ಯಾಯದಲ್ಲಿ ಹುಲಿಗೆವ್ವ ಮೊದಲ ಸಲ "ಖಾಲಿ" ಅನ್ನುತ್ತಾಳೆ. ಯಾರಾದರೂ ಓದುಗರು ಅದನ್ನು ಗಮನಿಸಿದರೆ ನನಗೆ ಸಾಕು.

ಈಗ ಮುಂದಿನದಕ್ಕೆ ರಾಯಚೂರು ಕೋಟೆಗೆ ಹೋಗಿ ಬರುತ್ತಿದ್ದೇನೆ. ಅಲ್ಲಿ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕಾಕತೀಯರ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ಎಳೆಯುವ ಜಾನುವಾರುಗಳ ಸಾಲು, ನೂಕುವ ಜನ. ಕಳೆದ ಭಾನುವಾರ ಅದರ ಎದುರು ಮಧ್ಯಾಹ್ನದವರೆಗೆ ಕೂತಿದ್ದೆ. ನೋಟ್‌ಬುಕ್ಕಿನಲ್ಲಿ ಸದ್ಯ ಒಂದೇ ಸಾಲು ಇದೆ. ರಾತ್ರಿ ಬಂಡಿ ನಿಲ್ಲಿಸಿ ಎಲ್ಲರೂ ಮಲಗಿದಾಗ ಆ ಕಲ್ಲಿಗೆ ಕಾವಲು ಯಾರು?