ಯಾವ ದಿನ, ಎಷ್ಟು ರೂಪಾಯಿ?

ನೌಕರರ ಮೇಲಿನ ಇಲಾಖಾ ವಿಚಾರಣೆಗೆ ನಾನು ಬರೆದ ಮೊದಲ ದೋಷಾರೋಪಣ ಪಟ್ಟಿ ಒಂದೇ ವಾಕ್ಯದ್ದು. ‘ಸದರಿಯವರು ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ ತೋರಿ, ಹಣ ದುರುಪಯೋಗಪಡಿಸಿಕೊಂಡು, ಸರ್ಕಾರಿ ನೌಕರರಿಗೆ ತರವಲ್ಲದ ರೀತಿಯಲ್ಲಿ ವರ್ತಿಸಿರುತ್ತಾರೆ.’ ಬರೆದಾಗ ಭಾರಿ ಗತ್ತಾಗಿದೆ ಅನ್ನಿಸಿತ್ತು. ಆಪಾದಿತರ ಉತ್ತರ ಒಂದೇ ಸಾಲು. ಯಾವ ಹಣ, ಯಾವ ದಿನ, ಎಷ್ಟು ರೂಪಾಯಿ? ನನ್ನ ಕಡತದಲ್ಲಿ ಮೂರಕ್ಕೂ ಉತ್ತರ ಇರಲಿಲ್ಲ. ಆ ವಿಚಾರಣೆ ‘ಸಾಬೀತಾಗಿಲ್ಲ’ ಎಂದು ಮುಗಿಯಿತು. ಆ ಮನುಷ್ಯ ತಪ್ಪು ಮಾಡಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಪಂಚಾಯಿತಿಯಲ್ಲಿ ವಿಷಯ ನಿರ್ವಾಹಕ, ಅಂದರೆ ಕಡತ ನೋಡಿಕೊಳ್ಳುವ ನೌಕರ. ದೋಷಾರೋಪಣ ಪಟ್ಟಿಯ ಕರಡು ನಮ್ಮಿಂದ ಹೋಗುತ್ತಿತ್ತು, ಸಹಿ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅವರದು. ವರ್ಷಗಳಾದ ಮೇಲೆ ವ್ಯವಸ್ಥಾಪಕನಾದಾಗ ಅದೇ ಬಗೆಯ ಇನ್ನೊಂದು ಕಡತ ಮೇಜಿಗೆ ಬಂತು. ಒಬ್ಬ ಗ್ರಾಮ ಪಂಚಾಯಿತಿ ಕಾರ್ಯದರ್ಶಿ, ನೀರಿನ ಕಂದಾಯ ವಸೂಲಾಗಿದೆ, ಬ್ಯಾಂಕಿಗೆ ಜಮೆ ಆಗಿಲ್ಲ. ಈ ಸಲ ಕರಡು ನಾನೇ ಬರೆದೆ. ಮಂಡನಾಧಿಕಾರಿಯಾಗಿಯೂ, ಅಂದರೆ ವಿಚಾರಣೆಯಲ್ಲಿ ಇಲಾಖೆಯ ಪರ ವಾದ ಮಂಡಿಸುವವನಾಗಿ, ನನ್ನನ್ನೇ ಹಾಕಿದರು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಗ್ರಾಮ ಪಂಚಾಯಿತಿ ಕಟ್ಟಡ ಒಂದೇ, ಅದರೊಳಗಿನ ನೌಕರರು ಎರಡು ಬಗೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ ಇವರೆಲ್ಲ ಸರ್ಕಾರಿ ನೌಕರರು. ಇವರ ಮೇಲಿನ ಶಿಸ್ತು ಕ್ರಮ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ. ಕರ ವಸೂಲಿಗಾರ, ನೀರುಗಂಟಿ ಪಂಚಾಯಿತಿಯ ಸ್ವಂತ ನೌಕರರು, ಅವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ನೀರುಗಂಟಿಗೆ ಸಿಸಿಎ ನಿಯಮದಲ್ಲಿ ನೋಟಿಸ್ ಕೊಟ್ಟಿರುವ ಕಡತಗಳನ್ನು ನಾನೇ ನೋಡಿದ್ದೇನೆ. ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿದ ಹಾಗೆ, ಅಲ್ವಾ?

ಆಮೇಲೆ ಯಾವ ನಿಯಮ ಅನ್ನುವುದು. ವಾಗ್ದಂಡನೆಯಂಥ ಲಘು ಶಿಕ್ಷೆ ಸಾಕು ಅನ್ನಿಸಿದರೆ ನಿಯಮ 12, ಉತ್ತರ ತರಿಸಿಕೊಂಡು ಮುಗಿಸಬಹುದು. ಹಿಂಬಡ್ತಿ, ವಜಾ ಇಂಥ ಕಠಿಣ ಶಿಕ್ಷೆಯ ಯೋಚನೆ ಇದ್ದರೆ ನಿಯಮ 11, ಅಂದರೆ ಪೂರ್ಣ ವಿಚಾರಣೆ. ನಮ್ಮದು ಹಣದ ವಿಷಯ, ಹಾಗಾಗಿ 11.

ಈ ಸಲ ಆರೋಪ ಬರೆಯುವ ಮೊದಲು ಎರಡು ದಿನ ಆ ಪಂಚಾಯಿತಿಯಲ್ಲೇ ಕೂತೆ. ರಸೀದಿ ಪುಸ್ತಕದ ಕಾರ್ಬನ್ ಪ್ರತಿ ಒಂದು ಕಡೆ, ನಗದು ಪುಸ್ತಕ ಇನ್ನೊಂದು ಕಡೆ, ಬ್ಯಾಂಕ್ ಪಾಸ್‌ಬುಕ್ ಮಧ್ಯೆ. ಒಂದೊಂದೇ ರಸೀದಿಗೆ ಬೆರಳಿಟ್ಟು ಹುಡುಕಿದೆ. 14 ರಸೀದಿಗಳು ನಗದು ಪುಸ್ತಕಕ್ಕೇ ಬಂದಿರಲಿಲ್ಲ. ಮೊತ್ತ 8,460 ರೂಪಾಯಿ. ನಾಲ್ಕು ತಿಂಗಳಾದ ಮೇಲೆ, ಆಡಿಟ್‌ನವರು ಬರುತ್ತಾರೆಂಬ ಸುದ್ದಿ ಬಂದ ವಾರ, ಅಷ್ಟೂ ಒಂದೇ ಚಲನ್‌ನಲ್ಲಿ ಜಮೆ ಆಗಿತ್ತು. ಆರೋಪಕ್ಕೆ ಇಷ್ಟೇ ಸಾಕಿತ್ತು. ರಸೀದಿ ನಂಬರು, ದಿನಾಂಕ, ಮೊತ್ತ, ಜಮೆಯಾದ ದಿನ. ವಿಶೇಷಣ ಒಂದೂ ಹಾಕಲಿಲ್ಲ.

ಅನುಬಂಧಗಳು ನಾಲ್ಕು: ಆರೋಪ, ಆರೋಪದ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ. ಮೂರನೆಯದರಲ್ಲಿ ನಾನು ಎಡವಿದ್ದು ಆಮೇಲೆ ಗೊತ್ತಾಯಿತು.

ವಿಚಾರಣೆ ದಿನ ಕರ ವಸೂಲಿಗಾರನೇ ನಮ್ಮ ಮೊದಲ ಸಾಕ್ಷಿ. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ, ಕೈ ನಡುಗುತ್ತಿತ್ತು. ‘ಕಾಸು ಆವತ್ತಾವತ್ತೇ ಸಾಹೇಬ್ರ ಕೈಗೇ ಕೊಟ್ಬುಟ್ಟೆ ಸಾ’ ಅಂದ. ಆಪಾದಿತರ ಸಹಾಯಕ್ಕೆ ಬಂದಿದ್ದವರು ಪಳಗಿದ ಕೈ, ನಿವೃತ್ತ ನೌಕರರು. ಪಾಟೀ ಸವಾಲಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಕೊಟ್ಟಿದ್ದಕ್ಕೆ ಸಹಿ ಇದೆಯೇನಪ್ಪ?’

‘ಇಲ್ಲ ಸಾ. ನಂಬ್ಕೆ.’

ನನಗೆ ಎದೆ ಧಸಕ್ಕೆಂದಿತು. ಹಣ ಕಾರ್ಯದರ್ಶಿಯ ಕೈ ಸೇರಿದ್ದಕ್ಕೆ ಕರ ವಸೂಲಿಗಾರನ ಮಾತು ಬಿಟ್ಟು ನನ್ನ ಹತ್ತಿರ ಏನೂ ಇರಲಿಲ್ಲ. ಊಟದ ಹೊತ್ತಿನಲ್ಲಿ ಸುಮ್ನೆ ರಸೀದಿ ಪುಸ್ತಕ ತಿರುವುತ್ತಾ ಕೂತೆ. ಕೊನೆಯ ರಟ್ಟಿನ ಒಳಮೈಯಲ್ಲಿ ಪೆನ್ಸಿಲ್‌ನಲ್ಲಿ ಕೂಡಿದ ಲೆಕ್ಕ. 14 ಮೊತ್ತ ಒಂದರ ಕೆಳಗೊಂದು, ಅಡಿಯಲ್ಲಿ 8,460. ಬಾಲ ಎಳೆದು ಬರೆದ ಆ ‘4’ ನಗದು ಪುಸ್ತಕದ ಪುಟಪುಟದಲ್ಲೂ ಇತ್ತು. ಬರವಣಿಗೆ ಕಾರ್ಯದರ್ಶಿಯದೇ. ನೂರು ಸಲ ಮುಟ್ಟಿದ ಪುಸ್ತಕ ಅದು, ರಟ್ಟು ಮಾತ್ರ ತೆಗೆದು ನೋಡಿರಲಿಲ್ಲ.

ನಾನು ಪಟ್ಟಿಯಲ್ಲಿ ತೋರಿಸಿದ್ದು ಆ ರಸೀದಿಗಳ ಹಾಳೆಗಳನ್ನು ಮಾತ್ರ, ರಟ್ಟನ್ನಲ್ಲ. ಹೊಸ ದಾಖಲೆಯಾಗಿ ಸೇರಿಸಲು ಅರ್ಜಿ ಕೊಟ್ಟೆ. ಎದುರು ಕಡೆಯವರು ತಕರಾರು ತೆಗೆದರು. ವಿಚಾರಣಾಧಿಕಾರಿಗಳು ಅನುಮತಿ ಕೊಟ್ಟರು, ಆದರೆ ಆಪಾದಿತರಿಗೆ ಪ್ರತಿ ಕೊಡಿಸಿ, ನೋಡಿಕೊಳ್ಳಲು ಸಮಯ ಕೊಟ್ಟು, ಇನ್ನೊಂದು ದಿನಕ್ಕೆ ಮುಂದೂಡಿದರು. ಅವತ್ತೇ ಮುಗಿಸಬಹುದಿತ್ತಲ್ಲ ಎಂದು ನನಗೆ ಅಸಮಾಧಾನ. ಅವತ್ತೇ ಮುಗಿಸಿದ್ದರೆ ಮೇಲ್ಮನವಿಯಲ್ಲಿ ಅದೊಂದೇ ಕಾರಣಕ್ಕೆ ಎಲ್ಲ ಬಿದ್ದುಹೋಗುವ ಸಾಧ್ಯತೆ ಜಾಸ್ತಿ ಇತ್ತು.

ವರದಿ ಬಂದಾಗ ಅರ್ಧ ಗೆಲುವು. ಹಣ ಕೈಯಲ್ಲಿ ಇಟ್ಟುಕೊಂಡಿದ್ದು, ತಡವಾಗಿ ಜಮೆ ಮಾಡಿದ್ದು ಸಾಬೀತು. ಸ್ವಂತಕ್ಕೆ ಬಳಸಿದ್ದು ಸಾಬೀತಾಗಿಲ್ಲ. ಇಲಾಖಾ ವಿಚಾರಣೆಯಲ್ಲಿ ಕ್ರಿಮಿನಲ್ ಕೋರ್ಟಿನಷ್ಟು ಗಟ್ಟಿ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವ ಅನ್ನುವುದು ಸಾಕು. ಹಾಗಂತ ಊಹೆ ಪುರಾವೆ ಆಗುವುದಿಲ್ಲವಲ್ಲ. ವರದಿ ಸರಿಯಾಗಿಯೇ ಇತ್ತು.

ಈ ಹಂತದಲ್ಲಿ ನೇರ ಆದೇಶ ಹೊರಡಿಸುವ ಆತುರ ಎಲ್ಲರಿಗೂ ಇರುತ್ತದೆ. ವರದಿಯ ಪ್ರತಿ ಕೊಟ್ಟು ಆಪಾದಿತರ ಮಾತು ಕೇಳಲೇಬೇಕು. ಸುಪ್ರೀಂ ಕೋರ್ಟ್ ಇದನ್ನು 1993ರಲ್ಲೇ ಖಚಿತವಾಗಿ ಹೇಳಿದೆ. ಎರಡನೇ ನೋಟಿಸ್ ಕಳಿಸಿದೆವು, ಉತ್ತರ ಬಂತು. ಕೊನೆಗೆ ಎರಡು ವಾರ್ಷಿಕ ವೇತನ ಬಡ್ತಿ ತಡೆ. ‘ಸಂಚಿತ ಪರಿಣಾಮವಿಲ್ಲದೆ’ ಎಂಬ ಪದಗಳನ್ನು ಸಿಇಒ ಅವರೇ ಕೈಯಲ್ಲಿ ಬರೆದು ಸೇರಿಸಿದರು. ಅಂದರೆ ತಡೆಯ ಅವಧಿ ಮುಗಿದ ಮೇಲೆ ವೇತನ ಮೊದಲಿನ ಲೆಕ್ಕಕ್ಕೆ ಮರಳುತ್ತದೆ. ಆ ಪದಗಳು ಇಲ್ಲದಿದ್ದರೆ ಪೆನ್ಷನ್ ತನಕ ಜಗಳ. ಸಂಚಿತ ಪರಿಣಾಮ ಇದ್ದರೆ ಅದು ಲಘು ಶಿಕ್ಷೆಯಾಗಿ ಉಳಿಯುವುದೂ ಇಲ್ಲ.

ಆದೇಶದ ಪ್ರತಿ ತೆಗೆದುಕೊಳ್ಳಲು ಕಾರ್ಯದರ್ಶಿ ತಾವೇ ಬಂದರು. ಸ್ವೀಕೃತಿಗೆ ಸಹಿ ಹಾಕಿದರು, ದಿನಾಂಕದಲ್ಲಿ ಅದೇ ಬಾಲದ ‘4’. ಪೆನ್ನು ವಾಪಸ್ ಕೊಡುತ್ತಾ, ‘ಸಾರ್, ಆ ರಸೀದಿ ಪುಸ್ತಕ ಯಾವಾಗ ಕೊಡ್ತೀರಿ? ಆಡಿಟ್‌ಗೆ ತೋರಿಸಬೇಕು’ ಅಂದರು.