ದೊಡ್ಡ ಟಯರ್ ಹಾಕಿದ್ಮೇಲೆ ಗಾಡಿ ಎಳೀತಿಲ್ವಾ? ಆಕ್ಸಲ್ ರೇಶಿಯೋ ಆರಿಸೋದು ಹೀಗೆ

ಆಫ್‌ರೋಡ್ ಟ್ರಕ್ಕಿಗೆ 35 ಇಂಚಿನ ಟಯರ್ ಹಾಕ್ಸಿ, ಫೋಟೋ ತೆಗ್ಸಿ, ಎರಡು ವಾರ ಆಗೋಷ್ಟರಲ್ಲಿ "ಇಂಜಿನ್ ಯಾಕೋ ವೀಕ್ ಆಗಿದೆ, ಪವರ್ ಹೆಚ್ಚಿಸೋ ಚಿಪ್ ಹಾಕ್ಸ್ಬೇಕೇನೋ" ಅಂತ ಬರೋರನ್ನ ನೋಡಿ ನೋಡಿ ಸಾಕಾಗಿದೆ. ಇಂಜಿನ್‌ಗೆ ಏನೂ ಆಗಿರಲ್ಲ. ಟಯರ್ ದೊಡ್ಡದಾದ್ರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗ್ಬೇಕು, ಹಾಗಾಗಿ ಎಲ್ಲಾ ಗೇರೂ ಇದ್ದಿದ್ದಕ್ಕಿಂತ ಉದ್ದ ಆಗತ್ತೆ (ಅದೇ ವೇಗಕ್ಕೆ ಇಂಜಿನ್ ಕಡಿಮೆ ಸುತ್ತತ್ತೆ, ಎಳೆಯೋ ಶಕ್ತೀನೂ ಕಮ್ಮಿ), ಏರಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಟಾಪಿಗೂ ಅದರ ಕೆಳಗಿನ ಗೇರಿಗೂ ಓಡಾಡ್ತಾ ಬಿಸಿ ಆಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗೆ ಇಂಜಿನ್ ಮೇಲೆ ದುಡ್ಡು ಸುರೀಬೇಡಿ. ಬದಲಾಯಿಸ್ಬೇಕಾಗಿರೋದು ಆಕ್ಸಲ್ ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಪ್ರಾಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯೋ ಉದ್ದ ಶಾಫ್ಟ್) ಎಷ್ಟು ಸುತ್ತಬೇಕು ಅನ್ನೋ ಸಂಖ್ಯೆ. ಆಕ್ಸಿಲರೇಟರ್ ಪೆಡಲ್ ವೈರಿಗೆ ಸಿಗಿಸೋ ಡಬ್ಬಿ ಇದ್ಯಲ್ಲ, ಅದಂತೂ ಬೇಡವೇ ಬೇಡ, ಕಾಲು ಸ್ವಲ್ಪ ಒತ್ತಿದ್ರೆ ಜಾಸ್ತಿ ಒತ್ತಿದಾರೆ ಅಂತ ಇಂಜಿನ್‌ಗೆ ಸುಳ್ಳು ಹೇಳೋದಷ್ಟೇ ಅದರ ಕೆಲಸ.

1. ಈಗ ಯಾವ ರೇಶಿಯೋ ಇದೆ ನೋಡಿ

ಡಿಫರೆನ್ಷಿಯಲ್ (ಆಕ್ಸಲ್ ಮೇಲಿನ ಗೇರ್ ಡಬ್ಬಿ) ಕವರ್ ಮೇಲಿನ ಟ್ಯಾಗಲ್ಲಿ ಸಿಗಬಹುದು. ಸೆಕೆಂಡ್‌ಹ್ಯಾಂಡ್ ಗಾಡಿ ಆಗಿದ್ರೆ ಟ್ಯಾಗ್ ನಂಬ್ಬೇಡಿ, ಹಳೇ ಓನರ್ ಬದಲಾಯಿಸಿರಬಹುದು. ಹಿಂದಿನ ಎರಡೂ ಚಕ್ರ ನೆಲದಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್ ಹಾಕಿ, ಎರಡು ಚಕ್ರಾನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ ಪ್ರಾಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ನಾಲ್ಕಕ್ಕಿಂತ ಚೂರು ಜಾಸ್ತಿ ಬಂದ್ರೆ 4.10 ಇರ್ಬೇಕು, ಅಂದ್ರೆ ಚಕ್ರ ತಿರುಗಿಸೋ ದೊಡ್ಡ ಗೇರಾದ ಕ್ರೌನ್ ವೀಲಲ್ಲಿ 41 ಹಲ್ಲು, ಶಾಫ್ಟ್ ತಿರುಗಿಸೋ ಸಣ್ಣ ಗೇರಾದ ಪಿನಿಯನ್‌ನಲ್ಲಿ 10.

2. ಟಯರ್ ಅಳೀರಿ

ಟಯರ್ ಮೇಲೆ 35 ಅಂತ ಬರ್ದಿದ್ರೆ 35 ಅಂತಲೇ ನಂಬಿ ಲೆಕ್ಕ ಹಾಕ್ತಾರೆ. ಗಾಡಿ ಭಾರ ಬಿದ್ಮೇಲೆ ಅಷ್ಟು ಇರಲ್ಲ ಸ್ವಾಮಿ. ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ನೇರ ತಳ್ಳಿ, ಒಂದು ಸುತ್ತಿಗೆ ಎಷ್ಟು ದೂರ ಹೋಯ್ತು ಅಳೆದು 3.14ರಿಂದ ಭಾಗಿಸಿ. ಇಲ್ಲಿ ಲೆಕ್ಕಕ್ಕೆ 34.4 ಇಂಚು ಅಂತ ಇಟ್ಕೊಳ್ಳೋಣ. ಹಳೇ ಟಯರ್ 265/70ಆರ್17 ಆಗಿದ್ರೆ ಅದರ ಎತ್ತರ ಪುಸ್ತಕದ ಲೆಕ್ಕದಲ್ಲಿ ಸುಮಾರು 31.6 ಇಂಚು, ಅದು ಇನ್ನೂ ಗಾಡೀಲೇ ಇದ್ರೆ ಅದನ್ನೂ ಇದೇ ಥರ ಅಳೆದುಬಿಡಿ.

3. ನಂಬರ್ ಆರಿಸೋದು, ಎಡವೋದು ಇಲ್ಲೇ

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ. ಸಂಖ್ಯೆ ದೊಡ್ಡದಾದಷ್ಟೂ ಎಳೆಯೋ ಶಕ್ತಿ ಜಾಸ್ತಿ, ಇಂಜಿನ್ ಸುತ್ತೂ ಜಾಸ್ತಿ. ಲೋ ಗೇರ್ ಅಂದ್ರೆ ದೊಡ್ಡ ಸಂಖ್ಯೆ, ಆದ್ರೆ "ಲೋ ಗೇರ್ ಹಾಕಿ" ಅಂದಿದ್ದಕ್ಕೆ ಸಣ್ಣ ಸಂಖ್ಯೆ ನೋಡಿ 3.73 ಆರ್ಡರ್ ಮಾಡಿದೋರೂ ಇದಾರೆ.

ಸೂತ್ರ ಸುಲಭ: ಹೊಸ ಟಯರ್ ಭಾಗಿಸು ಹಳೇ ಟಯರ್, ಗುಣಿಸು ಹಳೇ ರೇಶಿಯೋ. 34.4ನ್ನ 31.6ರಿಂದ ಭಾಗಿಸಿ 4.10ರಿಂದ ಗುಣಿಸಿದ್ರೆ 4.46. ತುಂಬಾ ಜನ ಇಲ್ಲಿಗೇ ನಿಲ್ಲಿಸ್ತಾರೆ, ಅದೇ ತಪ್ಪು. ಹೊಸ ಟಯರ್ ಎತ್ತರ ಮಾತ್ರ ಅಲ್ಲ, ಭಾರಾನೂ ಜಾಸ್ತಿ, ಗಾಡಿ ಮೇಲೆದ್ದಿರೋದ್ರಿಂದ ಗಾಳಿ ತಡೆಯೂ ಜಾಸ್ತಿ, ಮೇಲಿಂದ ಬಂಪರ್, ವಿಂಚು, ರೂಫ್ ಟೆಂಟು. ಇದ್ಯಾವುದೂ ಸೂತ್ರಕ್ಕೆ ಗೊತ್ತಿಲ್ಲ. ಅದಕ್ಕೇ ಸೂತ್ರದಲ್ಲಿ ಬಂದಿದ್ದಕ್ಕಿಂತ ಕೆಳಗಿನ ನಂಬರ್ ಯಾವತ್ತೂ ತಗೋಬೇಡಿ, ಮೇಲಿಂದನ್ನೇ ತಗೊಳ್ಳಿ, ಇಲ್ಲಿ ಅಂದ್ರೆ 4.56 ಇಲ್ಲಾ 4.88.

ಈಗ ನೀವು ನಿಜವಾಗ್ಲೂ ಓಡಿಸೋ ವೇಗದಲ್ಲಿ ಇಂಜಿನ್ ಎಷ್ಟು ಸುತ್ತತ್ತೆ ನೋಡಿ. ಕಿಲೋಮೀಟರ್ ವೇಗ, ಆಕ್ಸಲ್ ರೇಶಿಯೋ, ಟಾಪ್ ಗೇರಿನ ರೇಶಿಯೋ, 209 (ಅಳತೆಗಳನ್ನ ಹೊಂದಿಸೋ ಸಂಖ್ಯೆ), ಈ ನಾಲ್ಕನ್ನೂ ಗುಣಿಸಿ ಟಯರಿನ ಇಂಚಿಂದ ಭಾಗಿಸಿದ್ರೆ ಆರ್‌ಪಿಎಂ. ಟಾಪ್ ಗೇರ್ 0.8, ವೇಗ 100 ಅಂದ್ಕೊಳ್ಳಿ. ಹಳೇ ಟಯರಲ್ಲಿ ಸುಮಾರು 2170 ಇದ್ದಿದ್ದು, ಬರೀ ಟಯರ್ ಬದಲಾಯಿಸಿದ್ರೆ 1990ಕ್ಕೆ ಬೀಳತ್ತೆ. 4.56 ಹಾಕಿದ್ರೆ 2215, 4.88 ಹಾಕಿದ್ರೆ 2370. ಡೀಸೆಲ್ ಗಾಡಿಗೆ ಕಡಿಮೆ ಸುತ್ತಲ್ಲೇ ಟಾರ್ಕ್ ಇರತ್ತೆ, 4.56 ಸಾಕು. ಪೆಟ್ರೋಲ್, ಅದ್ರಲ್ಲೂ ಯಾವಾಗ್ಲೂ ಲಗೇಜ್ ತುಂಬ್ಕೊಂಡೇ ಹೋಗೋದಾದ್ರೆ ನಾನಂತೂ 4.88ನ್ನೇ ಹಾಕ್ಸ್ತೀನಿ. ಟಾಪ್ ಗೇರ್ 0.67ರಷ್ಟು ಉದ್ದ ಇರೋ ಗೇರ್‌ಬಾಕ್ಸಲ್ಲಿ 4.88 ಹಾಕಿದ್ರೂ 1990 ದಾಟಲ್ಲ, ಭಯ ಬೇಡ.

ಕಲ್ಲು ಹತ್ತೋರು ಇನ್ನೊಂದು ನೋಡ್ಬೇಕು. ಫಸ್ಟ್ ಗೇರ್ 4, ಲೋ ರೇಂಜ್ (ಫೋರ್‌ವೀಲಿನ ನಿಧಾನದ ಗೇರ್) 2.5 ಆಗಿದ್ರೆ 4.10 ಜೊತೆ ಗುಣಿಸಿ ಒಟ್ಟು 41, 4.56 ಜೊತೆ 45.6. ಕೇಳೋಕೆ ಚೆನ್ನಾಗಿದೆ, ಆದ್ರೆ ದೊಡ್ಡ ಟಯರ್ ಅದನ್ನ ವಾಪಸ್ ತಿಂದುಬಿಡತ್ತೆ, ಹೆಚ್ಚು ಕಡಿಮೆ ಮೊದಲಿದ್ದ ಜಾಗಕ್ಕೇ ಬಂದಿರ್ತೀರ. ಹಾಗಂತ ಸಿಕ್ಕಾಪಟ್ಟೆ ಮೇಲೂ ಹೋಗಬೇಡಿ, 4.56ಕ್ಕೆ ಪಿನಿಯನ್ ಹಲ್ಲು 9, 4.88ಕ್ಕೆ 8. ಪಿನಿಯನ್ ಸಣ್ಣದಾಗ್ತಾ ಹೋದಂಗೆ ಬಲಾನೂ ಕಮ್ಮಿ. ಮುಂದಿನ ವರ್ಷ 37 ಇಂಚು ಹಾಕೋ ಆಸೆ ಇದ್ರೆ ಈಗ್ಲೇ ಬಾಯಿಬಿಟ್ಟು ಹೇಳಿ, ಎರಡು ಸಲ ಬಿಚ್ಚಿಸೋದು ಬೇಡ.

4. ಕೊಳ್ಳೋದು, ಫಿಟ್ಟಿಂಗು

ಫೋರ್‌ವೀಲ್ ಆಗಿದ್ರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ರೇಶಿಯೋ. ದುಡ್ಡು ಉಳಿಸೋಕೆ ಹಿಂದೆ ಮಾತ್ರ ಬದಲಾಯಿಸಿ ಫೋರ್‌ವೀಲ್ ಹಾಕಿದೋರು ಒಬ್ರು ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಡಬ್ಬಿ) ಮುರ್ಕೊಂಡು ಬಂದಿದ್ರು. ಒಂದು ಕಡೆ 4.10, ಇನ್ನೊಂದು ಕಡೆ 4.11 ಆದ್ರೆ ಪರವಾಗಿಲ್ಲ. ಕ್ಯಾರಿಯರ್ (ಕ್ರೌನ್ ವೀಲ್ ಕೂರೋ ಭಾಗ) ಹೊಂದತ್ತಾ ಕೇಳಿ: ಡಾನಾ 44 ಅನ್ನೋ ಆಕ್ಸಲಲ್ಲಿ 3.73 ಮತ್ತು ಅದಕ್ಕಿಂತ ಕೆಳಗಿಂದಕ್ಕೆ ಒಂದು ಕ್ಯಾರಿಯರ್, 3.92ರಿಂದ ಮೇಲಕ್ಕೆ ಬೇರೆ. ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋ ಭಾಗ) ಹಾಕ್ಸೋ ಯೋಚನೆ ಇದ್ರೆ ಇದೇ ಸಮಯ. ಹಳೇ ಪಿನಿಯನ್‌ಗೆ ಬೇರೆ ಕಡೆಯ ಕ್ರೌನ್ ಜೋಡಿಸಿ ಕೊಡೋರ ಹತ್ರ ಹೋಗಬೇಡಿ, ಅವೆರಡೂ ಜೋಡಿಯಾಗಿ ಹುಟ್ಟಿದ್ದು, ಜೋಡಿ ತಪ್ಪಿದ್ರೆ ಊಳಿಡತ್ತೆ.

ಫಿಟ್ಟಿಂಗ್ ಮನೇಲಿ ಪ್ರಯೋಗ ಮಾಡೋ ಕೆಲಸ ಅಲ್ಲ. ಪಿನಿಯನ್ ಆಳ, ಬೇರಿಂಗ್ ಪ್ರೀಲೋಡ್ (ಬೇರಿಂಗ್ ಎಷ್ಟು ಬಿಗಿ ಅನ್ನೋದು), ಹಲ್ಲುಗಳ ನಡುವಿನ ಪ್ಲೇ (ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್), ಎಲ್ಲಾನೂ ಶಿಮ್ (ತೆಳು ಬಿಲ್ಲೆ) ಹಾಕಿ ತೆಗೆದು ಹೊಂದಿಸ್ಬೇಕು. ಹಲ್ಲಿನ ಮೇಲೆ ಬಣ್ಣ ಹಚ್ಚಿ ನೋಡೋ ಗುರುತಿನ ಫೋಟೋ ಕೇಳಿ ಇಸ್ಕೊಳ್ಳಿ, ಕೊಡಲ್ಲ ಅಂದ್ರೆ ಬೇರೆ ಗ್ಯಾರೇಜ್ ಹುಡುಕಿ.

5. ಆಮೇಲೆ

ಸ್ಪೀಡೋಮೀಟರ್ ಸರಿ ಮಾಡಿಸಿ. ಚಕ್ರದ ಸೆನ್ಸರಿಂದ ಓದೋ ಗಾಡೀಲಿ ಈ ಟಯರ್ ಜೊತೆ 100 ತೋರಿಸ್ವಾಗ ನಿಜವಾಗಿ 109ರ ಹತ್ರ ಓಡ್ತಿರತ್ತೆ. ಮೊದಲ ದಿನ 25 ಕಿಲೋಮೀಟರ್ ಮೆಲ್ಲಗೆ ಓಡಿಸಿ, ಅರ್ಧ ಗಂಟೆ ಆರೋಕೆ ಬಿಡಿ, ಹೀಗೇ ಎರಡ್ಮೂರು ಸಲ. 800 ಕಿಲೋಮೀಟರ್ ತನಕ ಟ್ರೇಲರ್ ಎಳೀಬೇಡಿ, ಆಮೇಲೆ ಗೇರ್ ಆಯಿಲ್ ಬದಲಾಯಿಸಿ. ಡ್ರೈನ್ ಮ್ಯಾಗ್ನೆಟ್ ಮೇಲೆ ಬೂದಿ ಬಣ್ಣದ ಪೇಸ್ಟ್ ಇದ್ರೆ ಸಹಜ, ಉಗುರಿಗೆ ಸಿಗೋ ಅಂಥ ಚೂರು ಸಿಕ್ರೆ ಆಯಿಲ್ ತುಂಬಿಸೋಕೆ ಮುಂಚೆ ಫಿಟ್ ಮಾಡಿದೋರನ್ನ ಕರೆದು ತೋರಿಸಿ.